ಇನ್ಶೂರೆನ್ಸ್ ಇದೆ ಅಂದರೆ ಯಾವುದು, ಯಾರಿಗೆ?

ಸಂಪಾದಕರಿಗೆ,

ಮಾನ್ಯರೇ,

ಓದುಗರ ಪತ್ರ ಅಂದರೆ ಹತ್ತು ಹದಿನೈದು ಸಾಲು ಎಂದು ನನಗೆ ಗೊತ್ತು. ಇದು ಕೈ ಮೀರಿ ಉದ್ದವಾಯಿತು. ಕತ್ತರಿ ನಿಮ್ಮ ಕೈಯಲ್ಲೇ ಇದೆ. ವಿಮೆ ಪಾಲಿಸಿಯ ಟಿಪಿ, ಓಡಿ ಎಂಬ ಎರಡು ಮಾತು ಬರುವ ಕಡೆ ಮಾತ್ರ ಕತ್ತರಿ ಹಾಕಬೇಡಿ, ಇಷ್ಟೆಲ್ಲ ಬರೆದಿರುವುದೇ ಅದಕ್ಕೆ.

ನನಗೆ 22 ವರ್ಷ. ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ಸಿಎನ್‌ಸಿ ಆಪರೇಟರ್. ನಮ್ಮ ಮನೆಯಲ್ಲಿ ಬೈಕಿನ ಹುಚ್ಚು ನನ್ನಿಂದ ಶುರುವಾದದ್ದಲ್ಲ. ಅಪ್ಪ ಇಲ್ಲಿನ ಐಡಿಯಲ್ ಜಾವಾ ಬೈಕ್ ಫ್ಯಾಕ್ಟರಿಯಲ್ಲಿ ಕೆಲಸ ಮಾಡಿದವರು, 1996ರಲ್ಲಿ ಅದು ಬಾಗಿಲು ಹಾಕುವವರೆಗೂ. ಗೇರ್ ಲಿವರನ್ನೇ ತಿರುಗಿಸಿ ಕಿಕ್ ಹೊಡೆಯುವ, ಅದೇ ಫ್ಯಾಕ್ಟರಿಯ ಯೆಜ್ಡಿ ಓಡಿಸಿದವರಿಗೆ ಈಗಿನ ಗಾಡಿಗಳೆಲ್ಲ ಆಟದ ಸಾಮಾನು. "ಮುಂದಕ್ಕೆ ಬಗ್ಗಿಕೊಂಡು ಓಡಿಸೋದು ಬೈಕಲ್ಲ, ಹೊಲಿಗೆ ಮಷೀನು" ಎನ್ನುತ್ತಾರೆ. ನನಗೆ ಬೇಕಾಗಿದ್ದದ್ದು ಆ ಹೊಲಿಗೆ ಮಷೀನೇ.

ಹೊಸದಕ್ಕೆ ದುಡ್ಡು ಸಾಲದು. 2025ರ ಜೂನ್‌ನಲ್ಲಿ ಫೋನಿನಲ್ಲಿ ಹುಡುಕುತ್ತಾ ಒಂದು ಯಮಹಾ ಆರ್15 ಸ್ಪೋರ್ಟ್ಸ್ ಬೈಕ್ ಸಿಕ್ಕಿತು. ನೀಲಿ ಬಣ್ಣ, 2021ರ ಫೆಬ್ರುವರಿ ಗಾಡಿ, ಒಬ್ಬರೇ ಓನರ್. ಕೆಳಗೆ "2026ರವರೆಗೆ ಇನ್ಶೂರೆನ್ಸ್ ಇದೆ" ಎಂದು ಬರೆದಿತ್ತು. ಭಾನುವಾರ ಬೆಳಿಗ್ಗೆ ಬೋಗಾದಿ ಕಡೆ ಅವರ ಮನೆಗೆ ಹೋದೆ. ಮಾರುವವರಿಗೂ ನನಗಿಂತ ನಾಲ್ಕೈದು ವರ್ಷ ಜಾಸ್ತಿ ಅಷ್ಟೇ. ಬೆಂಗಳೂರಿಗೆ ಕೆಲಸ ಸಿಕ್ಕಿದೆ, ಅಲ್ಲಿ ಪಾರ್ಕಿಂಗ್ ಇಲ್ಲ, ಅದಕ್ಕೇ ಕೊಡ್ತಿದ್ದೀನಿ ಎಂದರು. ಒಳ್ಳೆಯ ಮನುಷ್ಯ. ಆರ್‌ಸಿ ತೋರಿಸಿದರು. ನಾನೂ ಜಾಣನ ಹಾಗೆ ಫೋನ್ ತೆಗೆದು ಗಾಡಿ ನಂಬರ್ ಹಾಕಿ ನೋಡಿದೆ. ಇನ್ಶೂರೆನ್ಸ್ ಎಂಬ ಕಡೆ ಒಂದೇ ಒಂದು ತಾರೀಕು: 2026ರ ಫೆಬ್ರುವರಿ. ಇನ್ನೇನು ಬೇಕು ಅಂದುಕೊಂಡೆ.

"ಓಡಿಸಿ ನೋಡು ಗುರು" ಎಂದು ಕೀ ಕೈಗಿಟ್ಟರು. ಡಿಎಲ್ ಇದೆಯಾ ಎಂದು ಅವರು ಕೇಳಲಿಲ್ಲ. ಹೇಳಬೇಕು ಎಂದು ನನಗೂ ಹೊಳೆಯಲಿಲ್ಲ.

ಅಲ್ಲಿಯವರೆಗೆ ನಾನು ಓಡಿಸಿದ್ದು ಅಪ್ಪನ ಸ್ಕೂಟರ್, ಜೊತೆಗೆ ಫ್ಯಾಕ್ಟರಿಯ ಗೆಳೆಯನ ಸ್ಪ್ಲೆಂಡರ್. ಸ್ಪೋರ್ಟ್ಸ್ ಬೈಕಿನ ಮೇಲೆ ಕೂತರೆ ಮೊದಲು ಗೊತ್ತಾಗುವುದು ಮುಂಗೈಗೆ. ಹ್ಯಾಂಡಲ್ ಕೆಳಗಿರುತ್ತದೆ, ಮೈಯ ಅರ್ಧ ಭಾರ ಅಂಗೈ ಮೇಲೆ ಬೀಳುತ್ತದೆ, ಗದ್ದ ಟ್ಯಾಂಕಿನ ಕಡೆ. ನೇರ ರಸ್ತೆಯಲ್ಲಿ ಸ್ವರ್ಗ. ರಿಂಗ್ ರೋಡ್ ಸರ್ವಿಸ್ ರಸ್ತೆಯಲ್ಲಿ ಮೂರನೇ ಗೇರಿನಲ್ಲಿ ಹೋಗುವಾಗ ಹೆಲ್ಮೆಟ್ಟಿನೊಳಗೆ ನಾನು ನಗುತ್ತಿದ್ದೆ. ತಿರುಗಿಸಿಕೊಂಡು ಬರೋಣ ಎಂದು ಯೂ-ಟರ್ನ್‌ಗೆ ಕೈ ಹಾಕಿದಾಗ ನಗು ನಿಂತಿತು. ಸ್ಕೂಟರಿನ ಹ್ಯಾಂಡಲ್ ತಿರುಗುವಷ್ಟು ಈ ಹ್ಯಾಂಡಲ್ ತಿರುಗುವುದಿಲ್ಲ. ನಾನು ಸ್ಕೂಟರಿನ ಲೆಕ್ಕದಲ್ಲಿ ಹೋದೆ, ಗಾಡಿ ತನ್ನ ಲೆಕ್ಕದಲ್ಲಿ ಬಂತು. ಎದುರಿಗೆ ರಸ್ತೆಯ ಅಂಚು, ಅಲ್ಲಿ ಟಿಪ್ಪರಿನಿಂದ ಉದುರಿದ ಎಂ-ಸ್ಯಾಂಡ್. ಗಾಬರಿಯಲ್ಲಿ ಮುಂದಿನ ಬ್ರೇಕ್ ಹಿಡಿದೆ. ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಇತ್ತು, ಆದರೆ ನಡೆಯುವ ವೇಗದಲ್ಲಿ ಹ್ಯಾಂಡಲ್ ತಿರುಗಿಸಿಕೊಂಡು ಮರಳಿನ ಮೇಲೆ ಬ್ರೇಕ್ ಹಿಡಿದವನನ್ನು ಯಾವ ಎಬಿಎಸ್ ಎತ್ತಿ ನಿಲ್ಲಿಸುತ್ತದೆ? ನಿಂತ ಗಾಡಿ ವಾಲಿಕೊಂಡ ಹಾಗೆ ಎಡಕ್ಕೆ ಬಿತ್ತು. ಕೆಳಗೆ ನನ್ನ ಕಾಲು.

ಹಿಂದೆ ಸ್ಕೂಟರಿನಲ್ಲಿ ಬರುತ್ತಿದ್ದ ಒಬ್ಬ ಹೆಂಗಸು ಗಕ್ಕನೆ ಬ್ರೇಕ್ ಹಾಕಿದರು. ಕಾಲಿನ ಹತ್ತಿರ ಇಟ್ಟುಕೊಂಡಿದ್ದ ತರಕಾರಿ ಚೀಲ ಉರುಳಿ ಟೊಮೆಟೊ ಎಲ್ಲ ರಸ್ತೆಗೆ. "ನೋಡ್ಕೊಂಡ್ ಓಡ್ಸಬಾರ್ದೇನಪ್ಪಾ, ಮನೇಲಿ ಅಮ್ಮ ಕಾಯ್ತಿರಲ್ವಾ?" ಎನ್ನುತ್ತಲೇ ಗಾಡಿ ಎತ್ತಲು ಕೈ ಕೊಟ್ಟರು. ಅವರಿಗೆ ಏನೂ ಆಗಲಿಲ್ಲ. ಟೊಮೆಟೊ ನಾನೇ ಆರಿಸಿಕೊಟ್ಟೆ.

ಗಾಡಿಯ ಎಡಗಡೆ ಫೇರಿಂಗ್, ಅಂದರೆ ಮುಂದಿನಿಂದ ಮೊಣಕಾಲಿನವರೆಗೆ ಮುಚ್ಚಿಕೊಂಡಿರುವ ಪ್ಲಾಸ್ಟಿಕ್ ಕವಚ, ಉದ್ದಕ್ಕೆ ಸೀಳಿತ್ತು. ಕನ್ನಡಿ ಹೋಯಿತು. ಕ್ಲಚ್ ಲಿವರಿನ ತುದಿ ಮುರಿಯಿತು. ಫುಟ್‌ರೆಸ್ಟ್ ಬಾಗಿತು. ನನ್ನ ಮೊಣಕಾಲು ತರಚಿತು, ಮುಂಗೈ ಊದಿಕೊಂಡಿತು. ಗಾಡಿ ತಳ್ಳಿಕೊಂಡು ವಾಪಸ್ ಹೋದರೆ ಆ ಅಣ್ಣ ಬೈಯಲೇ ಇಲ್ಲ. "ಹೋಗ್ಲಿ ಬಿಡು, ಇನ್ಶೂರೆನ್ಸ್ ಇದೆಯಲ್ಲ, ಕ್ಲೇಮ್ ಮಾಡಿಸೋಣ" ಎಂದು ನೀರು ಕೊಟ್ಟರು. ಅವರೂ ಅದನ್ನೇ ನಂಬಿದ್ದರು, ನಾನೂ ನಂಬಿದ್ದೆ.

ಸೋಮವಾರ ಸರ್ವೀಸ್ ಸೆಂಟರಿಗೆ ಹೋದೆವು. ಕೌಂಟರಿನ ಹುಡುಗಿ ಪಾಲಿಸಿ ಹಾಳೆಯನ್ನು ಒಮ್ಮೆ ನೋಡಿ, ತಿರುಗಿಸಿ ನಮ್ಮ ಕಡೆ ಇಟ್ಟು, ಪೆನ್ನಿನ ತುದಿಯಿಂದ ಎರಡು ಸಾಲು ತೋರಿಸಿದರು. ಒಂದು ಸಾಲಿನಲ್ಲಿ ಟಿಪಿ, ಫೆಬ್ರುವರಿ 2026ರವರೆಗೆ. ಇನ್ನೊಂದರಲ್ಲಿ ಓಡಿ, ಫೆಬ್ರುವರಿ 2022ರವರೆಗೆ. "ಸರ್, ನಿಮ್ಮ ಓಡಿ ಮುಗಿದು ಮೂರು ವರ್ಷ ದಾಟಿದೆ." ಎರಡೂ ಸಾಲು ಒಂದೇ ಹಾಳೆಯಲ್ಲಿ, ಒಂದರ ಕೆಳಗೊಂದು, ಇರುವೆಯಷ್ಟು ಅಕ್ಷರದಲ್ಲಿ. ನಾಲ್ಕು ವರ್ಷದಿಂದ ಅವರ ಸೀಟಿನ ಕೆಳಗೇ ಇದ್ದ ಹಾಳೆ ಅದು.

ಟಿಪಿ ಅಂದರೆ ಥರ್ಡ್ ಪಾರ್ಟಿ: ನಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ಸಾವು, ಗಾಯ, ನಷ್ಟಕ್ಕೆ. ಓಡಿ ಅಂದರೆ ಓನ್ ಡ್ಯಾಮೇಜ್: ನಮ್ಮ ಗಾಡಿಗೇ ಆಗುವ ಪೆಟ್ಟಿಗೆ, ಕಳವಿಗೆ. ಸುಪ್ರೀಂ ಕೋರ್ಟ್ ಹೇಳಿದ ಮೇಲೆ 2018ರ ಸೆಪ್ಟೆಂಬರ್ 1ರಿಂದ ಹೊಸ ದ್ವಿಚಕ್ರ ವಾಹನಕ್ಕೆ 5 ವರ್ಷದ ಥರ್ಡ್ ಪಾರ್ಟಿ ಒಟ್ಟಿಗೇ ಕಟ್ಟಬೇಕು. ಒಳ್ಳೆಯದೇ. ಮೊದಲ ವರ್ಷ ಮುಗಿದ ಮೇಲೆ ಎಷ್ಟೋ ಜನ ರಿನ್ಯೂ ಮಾಡಿಸುತ್ತಲೇ ಇರಲಿಲ್ಲ, ಗುದ್ದಿಸಿಕೊಂಡವರಿಗೆ ಏನೂ ಸಿಗುತ್ತಿರಲಿಲ್ಲ. ಆದರೆ ಓಡಿಯನ್ನೂ ಅದರ ಜೊತೆಗೇ ಐದು ವರ್ಷಕ್ಕೆ ಕಟ್ಟುವ ಪ್ಯಾಕೇಜನ್ನು 2020ರ ಆಗಸ್ಟ್‌ನಿಂದ ನಿಲ್ಲಿಸಿದರು. ಈಗ ಶೋರೂಂನಿಂದ ಹೊರಬರುವ ಗಾಡಿಗೆ ಸಾಮಾನ್ಯವಾಗಿ ಟಿಪಿ ಐದು ವರ್ಷ, ಓಡಿ ಒಂದೇ ವರ್ಷ. ಒಂದು ವರ್ಷ ಆದ ಮೇಲೆ ಓಡಿ ಸದ್ದಿಲ್ಲದೆ ಮುಗಿಯುತ್ತದೆ. ರಸ್ತೆಯಲ್ಲಿ ಪೊಲೀಸರು ಹಿಡಿದರೆ ಟಿಪಿ ಇದ್ದರೆ ಸಾಕು, ಕಾನೂನು ಕೇಳುವುದೂ ಅಷ್ಟನ್ನೇ. ಅದೂ ಇಲ್ಲದಿದ್ದರೆ ಕಾಯ್ದೆಯಲ್ಲಿ ಮೊದಲ ಸಲಕ್ಕೆ 2,000 ರೂಪಾಯಿ ದಂಡ. ಹಾಗಾಗಿ ಯಾವ ಪೊಲೀಸರೂ ನಿಮ್ಮ ಓಡಿ ಮುಗಿದಿದೆ ಎಂದು ಹೇಳುವುದಿಲ್ಲ. ಅದು ಅವರ ಕೆಲಸವೂ ಅಲ್ಲ.

ಮನೆಗೆ ಬಂದು ಅಪ್ಪನ ಸ್ಕೂಟರಿನ ಪಾಲಿಸಿ ತೆಗೆದು ನೋಡಿದೆ. 2022ರ ಗಾಡಿ. ಟಿಪಿ 2027ರವರೆಗೆ. ಓಡಿ 2023ರಲ್ಲೇ ಮುಗಿದಿತ್ತು. ಪ್ರತಿ ಆಯುಧಪೂಜೆಗೆ ಸ್ಕೂಟರ್ ತೊಳೆದು, ಕುಂಬಳಕಾಯಿ ಒಡೆದು, ಚಕ್ರದ ಕೆಳಗೆ ನಿಂಬೆಹಣ್ಣು ಇಡುವ ನಮ್ಮ ಮನೆಯಲ್ಲಿ ಮೂರು ಜನ ಓದಿದವರಿದ್ದೇವೆ. ಒಬ್ಬರೂ ನೋಡಿರಲಿಲ್ಲ.

ಬಿಲ್ಲಿನ ವಿಷಯಕ್ಕೆ ಬರುತ್ತೇನೆ. ಎಲ್ಲ ಸೇರಿ 11,800 ರೂಪಾಯಿ ಆಯಿತು. ಅದರಲ್ಲಿ ಮುಕ್ಕಾಲು ಪಾಲು ಪ್ಲಾಸ್ಟಿಕ್ಕಿಗೆ. ಇಲ್ಲಿ ಇನ್ನೊಂದು ಪಾಠ ಕಾದಿತ್ತು. ಓಡಿ ಇದ್ದಿದ್ದರೂ ನಮಗೆ ಪೂರ್ತಿ ಸಿಗುತ್ತಿರಲಿಲ್ಲವಂತೆ. ಸಾಮಾನ್ಯ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ಸವಕಳಿ ಎಂದು ಅರ್ಧಕ್ಕೆ ಅರ್ಧ ಕಳೆಯುತ್ತಾರೆ. ಗಾಡಿ ಹೊಸದಾಗಿದ್ದರೂ ಅಷ್ಟೇ. ಲೋಹದ ಭಾಗಕ್ಕಾದರೆ ಗಾಡಿಯ ವಯಸ್ಸು ನೋಡಿ ಕಳೆಯುತ್ತಾರೆ, ಮೊದಲ ಆರು ತಿಂಗಳು ಏನೂ ಇಲ್ಲ. ಈಗ ಯೋಚನೆ ಮಾಡಿ. ಸ್ಪ್ಲೆಂಡರ್ ಬಿದ್ದರೆ ನೆಲಕ್ಕೆ ತಾಗುವುದು ಲೆಗ್ ಗಾರ್ಡ್, ಕಬ್ಬಿಣ. ಸ್ಪೋರ್ಟ್ಸ್ ಬೈಕ್ ಬಿದ್ದರೆ ನೆಲಕ್ಕೆ ತಾಗುವುದು ಪೂರ್ತಿ ಪ್ಲಾಸ್ಟಿಕ್. ಯಾವ ಗಾಡಿಯ ಮೈಯೆಲ್ಲ ಪ್ಲಾಸ್ಟಿಕ್ಕೋ ಅದಕ್ಕೆ ಅರ್ಧ ದುಡ್ಡು. ಇದನ್ನು ತಪ್ಪಿಸಲು ಝೀರೋ ಡೆಪ್ ಎಂದು ಒಂದು ಹೆಚ್ಚುವರಿ ಕವರ್ ಇದೆ, ನಮ್ಮ ಕಡೆ ಬಂಪರ್ ಟು ಬಂಪರ್ ಎನ್ನುತ್ತಾರೆ. ಬೈಕಿಗೆ ಎಲ್ಲಿಯ ಬಂಪರ್ ಎಂದು ಕೇಳಬೇಡಿ. ಹಳೆಯ ಗಾಡಿಗೆ ಅದನ್ನು ಸುಲಭಕ್ಕೆ ಕೊಡುವುದಿಲ್ಲ. ಹೊಸ ಫೇರಿಂಗ್ ಗಾಡಿ ತೆಗೆದುಕೊಳ್ಳುವವರು ಬೇರೆ ಏನನ್ನು ಬಿಟ್ಟರೂ ಇದನ್ನು ಬಿಡಬಾರದು ಎಂಬುದು ನನ್ನ ಲೆಕ್ಕ.

11,800ರಲ್ಲಿ 8,000 ನಾನು ಕೊಟ್ಟೆ, ಎರಡು ಕಂತಿನಲ್ಲಿ. ಉಳಿದದ್ದು ಆ ಅಣ್ಣನೇ ಹಾಕಿಕೊಂಡರು. "ಓಡಿ ನೋಡದೇ ಇದ್ದದ್ದು ನನ್ನ ತಪ್ಪೂ ಹೌದು" ಎಂದರು. ಎಲ್ಲರೂ ಹೀಗೆ ಇರುವುದಿಲ್ಲ. ಗಾಡಿ ತಗೊಳ್ಳೋ ಧೈರ್ಯ ನನಗೆ ಉಳಿದಿರಲಿಲ್ಲ, ಬೇರೆ ಯಾರೋ ತೆಗೆದುಕೊಂಡರು. ಈಗಲೂ ಒಮ್ಮೊಮ್ಮೆ ಅಗ್ರಹಾರದ ಸರ್ಕಲ್ಲಿನಲ್ಲಿ ಕಾಣಿಸುತ್ತದೆ. ಎಡಗಡೆ ಫೇರಿಂಗಿನ ನೀಲಿ ಬಲಗಡೆಗಿಂತ ಸ್ವಲ್ಪ ಗಾಢ. ಗೊತ್ತಿರುವವರಿಗೆ ಮಾತ್ರ ಕಾಣುತ್ತದೆ.

ನನ್ನ ಮುಂಗೈ ಊತದ ಎಕ್ಸ್-ರೇ, ಔಷಧಿ ಎಲ್ಲ ನನ್ನ ಜೇಬಿನಿಂದಲೇ. ಅದು ಚಿಲ್ಲರೆ ಖರ್ಚು. ಆದರೆ ದೊಡ್ಡ ಪೆಟ್ಟಾಗಿದ್ದರೆ? ನಮ್ಮ ಬೀದಿಯಲ್ಲಿ ಒಬ್ಬರು ವಕೀಲರಿದ್ದಾರೆ, ಆ್ಯಕ್ಸಿಡೆಂಟ್ ಕೇಸುಗಳನ್ನೇ ಜಾಸ್ತಿ ನಡೆಸುವವರು. ಅವರನ್ನು ಕೇಳಿದೆ. ಬೈಕಿನ ಪಾಲಿಸಿಯಲ್ಲಿ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಎಂದು ಇರುತ್ತದಲ್ಲ, ಅದು ಮಾಲೀಕನಿಗೆ. ಅದೂ ಅವನಿಗೆ ಡಿಎಲ್ ಇದ್ದರೆ. ಟೆಸ್ಟ್ ರೈಡ್‌ಗೆ ಎಂದು ಗಾಡಿ ಈಸಿಕೊಂಡು ಹೋದವನಿಗೆ ಅದರಲ್ಲಿ ಪಾಲಿಲ್ಲ.

"ಹಾಗಾದ್ರೆ ನಾನು ಥರ್ಡ್ ಪಾರ್ಟಿ ಅಲ್ವಾ ಸರ್?" ಎಂದೆ.

"ನೀನು ಓಡಿಸೋವಾಗ ಮಾಲೀಕನ ಜಾಗದಲ್ಲೇ ಕೂತಿರ್ತೀಯಪ್ಪ. ನಿನ್ನ ತಪ್ಪಿಗೆ ನೀನೇ ಹೇಗೆ ಥರ್ಡ್ ಪಾರ್ಟಿ ಆಗ್ತೀಯ?" ಎಂದರು.

ಇದು ಅವರ ಸ್ವಂತ ಮಾತಲ್ಲ. ನಮ್ಮ ಇಳಕಲ್-ಕುಷ್ಟಗಿ ರಸ್ತೆಯಲ್ಲೇ ನಡೆದ ಒಂದು ಪ್ರಕರಣವಂತೆ. ಒಬ್ಬರು ಬೇರೆಯವರ ಬೈಕ್ ಈಸಿಕೊಂಡು ಊರಿಗೆ ಹೊರಟಿದ್ದರು. ಮುಂದೆ ಕಬ್ಬಿಣದ ಶೀಟು ಹೇರಿಕೊಂಡು ಹೋಗುತ್ತಿದ್ದ ಎತ್ತಿನಗಾಡಿ ಇದ್ದಕ್ಕಿದ್ದಂತೆ ನಿಂತಿತು. ಅದಕ್ಕೆ ಗುದ್ದಿ ತೀರಿಕೊಂಡರು. 2009ರಲ್ಲಿ ಸುಪ್ರೀಂ ಕೋರ್ಟ್, ಗಾಡಿ ಈಸಿಕೊಂಡವನು ಮಾಲೀಕನ ಸ್ಥಾನದಲ್ಲಿ ಇರುತ್ತಾನೆ, ಮೋಟಾರು ವಾಹನ ಕಾಯ್ದೆಯ ಆಗಿನ 163ಎ ಕಲಂ ಕೆಳಗೆ ಅವನ ಮನೆಯವರಿಗೆ ಪರಿಹಾರ ಬರುವುದಿಲ್ಲ ಎಂದಿತು. ಇನ್ನೊಂದು ಕಲಂ ಕೆಳಗೆ ಏನಾದರೂ ಕೊಡಲು ಆಗುತ್ತದಾ ನೋಡಿ ಎಂದು ಹೈಕೋರ್ಟಿಗೆ ವಾಪಸ್ ಕಳಿಸಿತು. ಅಷ್ಟು ಹೊತ್ತಿಗೆ ಆ ಮನೆಯವರು ಎಷ್ಟು ವರ್ಷ ಕೋರ್ಟು ಅಲೆದಿದ್ದರೋ. ಇದನ್ನು ಕೇಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮಾರನೇ ತಿಂಗಳ ಸಂಬಳದಲ್ಲಿ ನನ್ನ ಹೆಸರಿಗೆ ಬೇರೆಯಾಗಿ ಒಂದು ಅಪಘಾತ ವಿಮೆ ಮಾಡಿಸಿದೆ. ಗಾಡಿ ಯಾರದ್ದೇ ಇರಲಿ, ಮೈ ನನ್ನದಲ್ವಾ?

ನನ್ನ ಪುಣ್ಯಕ್ಕೆ ಡಿಎಲ್ ಇತ್ತು. ಟೊಮೆಟೊ ಚೀಲದ ಆ ತಾಯಿಗೆ ಏನಾದರೂ ಆಗಿದ್ದರೆ ಆ ಅಣ್ಣನ ಟಿಪಿಯೇ ಕೈ ಹಿಡಿಯುತ್ತಿತ್ತು. ಡಿಎಲ್ ಇರುವ ಯಾರು ಓಡಿಸಿದರೂ ಟಿಪಿ ಕೆಲಸ ಮಾಡುತ್ತದೆ. ಡಿಎಲ್ ಇರದಿದ್ದರೆ ಕಂಪನಿ ಆಕೆಗೆ ಪರಿಹಾರ ಕೊಟ್ಟು, ಆಮೇಲೆ ಆ ದುಡ್ಡನ್ನು ಮಾಲೀಕರಿಂದ ವಸೂಲಿ ಮಾಡಿಕೊಳ್ಳಬಹುದು. ಗಾಡಿ ಮಾರಲು ಹೋದವರು ಮನೆ ಮಾರಬೇಕಾಗುತ್ತದೆ. ಓಡಿಸಿದ ಹುಡುಗನಿಗೆ 18 ತುಂಬಿರದಿದ್ದರಂತೂ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು, ಒಂದು ವರ್ಷ ಗಾಡಿಯ ನೋಂದಣಿ ರದ್ದು. ಆ ಹುಡುಗನಿಗೆ 25 ವರ್ಷವಾಗುವವರೆಗೆ ಲೈಸೆನ್ಸ್ ಇಲ್ಲ. ಹಾಗಾಗಿ ಸೆಕೆಂಡ್ ಹ್ಯಾಂಡ್ ಮಾರುವ ಅಣ್ಣಂದಿರೇ, ಕೀ ಕೊಡುವ ಮೊದಲು ಡಿಎಲ್ ಕೇಳಿ. ಕೇಳಿದರೆ ಹುಡುಗ ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ.

ಆಮೇಲೆ ಹೊಸ ಗಾಡಿಯನ್ನೇ ತೆಗೆದುಕೊಳ್ಳೋಣ, ಇನ್ನೊಂದಷ್ಟು ದಿನ ದುಡ್ಡು ಕೂಡಿಸೋಣ ಎಂದುಕೊಂಡೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕಿಗೆ ಜಿಎಸ್‌ಟಿ 28ರಿಂದ 18ಕ್ಕೆ ಇಳಿಯಿತಲ್ಲ, ಅದೇ ಧೈರ್ಯದಲ್ಲಿ ದಸರಾ ಹೊತ್ತಿಗೆ ಒಂದು ಶೋರೂಂಗೆ ಹೋದೆ. ಜಾತ್ರೆ ಅಂದರೆ ಜಾತ್ರೆ. ಡೆಮೊ ಗಾಡಿಗೆ ಕೆಂಪು ಪ್ಲೇಟು, ಬಿಳಿ ಅಕ್ಷರ. ಟೆಸ್ಟ್ ರೈಡ್‌ಗೆ ಮುಂಚೆ ಡಿಎಲ್ ಫೋಟೊ ತೆಗೆದುಕೊಂಡು ಒಂದು ಫಾರಂ ಕೊಟ್ಟರು. ಇಂಗ್ಲಿಷಿನಲ್ಲಿ ಒಂದು ಪುಟ. ನನ್ನ ಹಿಂದೆ ನಿಂತವರೆಲ್ಲ ಗೋಡೆಗೆ ಆನಿಸಿಕೊಂಡು ಸಹಿ ಹಾಕಿ ಹೋಗುತ್ತಿದ್ದರು. ನಾನು ಓದಿದೆ. ಓಡಿಸುವಾಗ ಗಾಡಿಗೆ, ನನಗೆ, ಬೇರೆಯವರಿಗೆ ಏನೇ ಆದರೂ ಹೊಣೆ ನನ್ನದು ಎಂದಿತ್ತು.

"ಈ ಗಾಡಿಗೆ ಇನ್ಶೂರೆನ್ಸ್ ಇದೆಯಾ ಸರ್?" ಎಂದು ಸೇಲ್ಸ್ ಹುಡುಗನನ್ನು ಕೇಳಿದೆ.

ಅವನು ನಕ್ಕ. "ಮೈಲೇಜ್ ಎಷ್ಟು ಅಂತ ಎಲ್ರೂ ಕೇಳ್ತಾರೆ. ಇದನ್ನ ಕೇಳಿದ್ದು ನೀವೇ ಫಸ್ಟು."

ಒಳಗೆ ಹೋಗಿ ವಿಚಾರಿಸಿಕೊಂಡು ಬಂದು ಇದೆ ಎಂದ. ಯಾವುದು, ಟಿಪಿಯಾ, ಓಡಿಯೂ ಇದೆಯಾ ಎಂದು ಕೇಳಿದ್ದಕ್ಕೆ ಮತ್ತೆ ಒಳಗೆ ಹೋದ. ಎರಡನೇ ಸಲ ಬರುವುದು ಸ್ವಲ್ಪ ತಡವಾಯಿತು. ಬಂದು, "ಸರ್, ನೀವು ಮೆಲ್ಲಗೆ ಓಡ್ಸಿ, ಏನೂ ಆಗಲ್ಲ" ಎಂದ. ಅವನ ತಪ್ಪೇನೂ ಇಲ್ಲ, ಅವನಿಗೂ ನನ್ನಷ್ಟೇ ವಯಸ್ಸು. ಅವನನ್ನು ಹಿಂದೆ ಕೂರಿಸಿಕೊಂಡು ಒಂದು ಕಿಲೋಮೀಟರ್ ಹೋಗಿ ಬಂದೆ. ಯೂ-ಟರ್ನ್ ಮಾಡಲಿಲ್ಲ. ಮುಂದಿನ ಸರ್ಕಲ್ ಸುತ್ತಿಕೊಂಡು ಬಂದೆ.

ಲೆಕ್ಕ ಹಾಕಿಸಿದಾಗ ಆನ್-ರೋಡ್ ಬೆಲೆಯೊಳಗೆ ಇನ್ಶೂರೆನ್ಸ್ ಎಂದು ಒಂದೇ ಸಾಲು: 16,200. ಬಿಡಿಸಿ ಬರೆದುಕೊಡಿ ಎಂದೆ. ಐದು ವರ್ಷದ ಟಿಪಿ 7,365. ಇದು ಸರ್ಕಾರ 2022ರ ಜೂನ್‌ನಲ್ಲಿ ನಿಗದಿ ಮಾಡಿದ ದರ, ಯಾವ ಕಂಪನಿಯಲ್ಲಿ ಹೋದರೂ ಅಷ್ಟೇ. ಉಳಿದದ್ದು ಓಡಿ, ಝೀರೋ ಡೆಪ್, ನಾನು ಕೇಳದೇ ಇದ್ದ ಎರಡು ಮೂರು ಕವರ್, ಮೇಲೆ ಜಿಎಸ್‌ಟಿ. ಅದೇ ಗಾಡಿಗೆ, ಅದೇ ಮೌಲ್ಯಕ್ಕೆ, ಝೀರೋ ಡೆಪ್ ಇಟ್ಟುಕೊಂಡೇ ಹೊರಗೆ ಕೇಳಿದರೆ 12,700. ಶೋರೂಂನಲ್ಲೇ ವಿಮೆ ಮಾಡಿಸಬೇಕು ಎಂಬ ಕಡ್ಡಾಯವಿಲ್ಲ. ವಿಮೆ ಪ್ರಾಧಿಕಾರ 2017ರಲ್ಲೇ ಡೀಲರ್‌ಗಳಿಗೆ ನಿಯಮ ಮಾಡಿದೆ, ಗಿರಾಕಿ ಎಲ್ಲಿ ಬೇಕಾದರೂ ಮಾಡಿಸಬಹುದು. ಆದರೆ "ಹೊರಗಡೆ ಮಾಡಿಸಿದರೆ ಕ್ಯಾಶ್‌ಲೆಸ್ ಕಷ್ಟ ಆಗುತ್ತೆ ಸರ್" ಎಂಬ ಮಾತು ಎಲ್ಲ ಶೋರೂಂಗಳಲ್ಲೂ ಒಂದೇ ರಾಗದಲ್ಲಿ ಬರುತ್ತದೆ. ಕ್ಯಾಶ್‌ಲೆಸ್ ಅಂದರೆ ರಿಪೇರಿ ಬಿಲ್ಲನ್ನು ವಿಮೆ ಕಂಪನಿಯೇ ನೇರವಾಗಿ ಕಟ್ಟುವುದು.

ಟಿಪಿ ದರದ ಪಟ್ಟಿ ಓದಿದಾಗ ನಗು ಬಂತು. ಒಂದೇ ವರ್ಷದ ಟಿಪಿಗೆ 75 ದಾಟಿ 150 ಸಿಸಿವರೆಗೆ 714 ರೂಪಾಯಿ, 150 ದಾಟಿ 350ರವರೆಗೆ 1,366, 350 ದಾಟಿದರೆ 2,804. ಆರ್15 ಎಂಜಿನ್ 155 ಸಿಸಿ. ಐದೇ ಐದು ಸಿಸಿಗೆ ಹೆಚ್ಚುಕಡಿಮೆ ಎರಡರಷ್ಟು. ನಮ್ಮ ಸೂಪರ್‌ವೈಸರ್ ಓಡಿಸುವ 349 ಸಿಸಿ ಬುಲೆಟ್ಟಿಗೂ ಇದಕ್ಕೂ ಒಂದೇ ದರ. ಅವರಿಗೆ 52 ವರ್ಷ, 50ರ ಮೇಲೆ ಮುಳ್ಳು ಹೋಗಲು ಬಿಡುವುದಿಲ್ಲ, ರಸ್ತೆಯಲ್ಲಿ ಹಸು ಕಂಡರೆ ಹಾರ್ನ್ ಮಾಡದೆ ನಿಲ್ಲುತ್ತಾರೆ. ನನಗೂ ಅವರಿಗೂ ಒಂದೇ ಪ್ರೀಮಿಯಂ. ಪಟ್ಟಿ ನೋಡುವುದು ಸಿಲಿಂಡರಿನ ಅಳತೆಯನ್ನು, ಆಕ್ಸಲರೇಟರ್ ತಿರುಗಿಸುವ ಕೈಯನ್ನಲ್ಲ.

ಇಂಗ್ಲೆಂಡಿನಲ್ಲಿರುವ ಮಾವನ ಮಗ ಇದನ್ನು ಕೇಳಿ ನಂಬಲೇ ಇಲ್ಲ. ಅಲ್ಲಿ 17ಕ್ಕೆ ಸಿಗುವುದು 125 ಸಿಸಿ, 11 ಕಿಲೋವ್ಯಾಟ್ ಒಳಗಿನ ಗಾಡಿಯ ಲೈಸೆನ್ಸ್. ನಮ್ಮ ಆರ್15 ಕೂಡ ಆ ಹುಡುಗನಿಗೆ ಇಲ್ಲ! 19ಕ್ಕೆ 35 ಕಿಲೋವ್ಯಾಟ್‌ವರೆಗೆ. ದೊಡ್ಡ ಗಾಡಿಯ ಲೈಸೆನ್ಸ್‌ಗೆ ನೇರವಾಗಿ ಹೋದರೆ 24 ಆಗಿರಬೇಕು, ಮಧ್ಯದ ಲೈಸೆನ್ಸ್‌ನಲ್ಲಿ ಎರಡು ವರ್ಷ ಕಳೆದವರಿಗೆ 21. ವಿಮೆ ಕಂಪನಿ ಮೊದಲು ಕೇಳುವುದೇ ವಯಸ್ಸು, ಆಮೇಲೆ ಅನುಭವ, ಆಮೇಲೆ ಮನೆ ಇರುವ ಏರಿಯಾ. ಹುಡುಗರಿಗೆ ಪ್ರೀಮಿಯಂ ಗಾಡಿಗಿಂತ ಭಾರ. ಇಲ್ಲಿ 18 ತುಂಬಿ, ಆರ್‌ಟಿಒ ಟ್ರ್ಯಾಕಿನಲ್ಲಿ ಪರೀಕ್ಷೆ ಪಾಸಾದವನು ಅದೇ ಲೈಸೆನ್ಸ್‌ನಲ್ಲಿ 1000 ಸಿಸಿ ಗಾಡಿಯನ್ನೂ ಓಡಿಸಬಹುದು.

ಹಾಗಂತ ನಮ್ಮಲ್ಲೂ ವಯಸ್ಸು ನೋಡಿ ಪ್ರೀಮಿಯಂ ಏರಿಸಿ ಎಂದು ನಾನು ಕೇಳುತ್ತಿಲ್ಲ. ಏರಿಸಿದರೆ ಆಗುವುದು ಇಷ್ಟೇ: ಗಾಡಿ ಅಪ್ಪನ ಹೆಸರಿಗೆ, ಓಡಿಸುವುದು ಮಗ. ಈಗಲೂ ಅರ್ಧ ಗಾಡಿಗಳು ಹಾಗೇ ಇವೆ. ಲೈಸೆನ್ಸನ್ನು ಮೆಟ್ಟಿಲು ಮೆಟ್ಟಿಲಾಗಿ ಕೊಡುವುದಾದರೆ ಮಾತ್ರ ನನ್ನ ಒಪ್ಪಿಗೆ ಇದೆ. ಸ್ಕೂಟರಿನಿಂದ ನೇರ ಸ್ಪೋರ್ಟ್ಸ್ ಬೈಕಿಗೆ ಹಾರಿ ಎಂ-ಸ್ಯಾಂಡ್ ಮೇಲೆ ಬಿದ್ದವನು ಹೇಳುತ್ತಿದ್ದೇನೆ. ಗೆಳೆಯರು ಇದನ್ನು ಓದಿದರೆ ಬೈಯುತ್ತಾರೆ, ಪರವಾಗಿಲ್ಲ.

ಪಾಲಿಸಿಯಲ್ಲಿ ಇನ್ನೂ ಒಂದು ಸಾಲು ಇದೆ. ಯಾವ ಬಳಕೆಗೆ ವಿಮೆ ಇಲ್ಲ ಎಂಬ ಪಟ್ಟಿ: ಸಂಘಟಿತ ರೇಸು, ವೇಗ ಪರೀಕ್ಷೆ, ಮೋಟಾರ್ ವ್ಯಾಪಾರಕ್ಕೆ ಸಂಬಂಧಿಸಿದ ಬಳಕೆ. ಭಾನುವಾರ ಬೆಳಗಿನ ಜಾವ ರಿಂಗ್ ರೋಡಿನಲ್ಲಿ "ಟಾಪ್ ಎಂಡ್ ನೋಡೋಣ ಬಾ ಮಗಾ" ಎಂದು ಹೊರಡುವವರು ಇದನ್ನು ಓದಬೇಕು. ಕೊಯಮತ್ತೂರಿನ ಕರಿ ಸ್ಪೀಡ್‌ವೇ ರೇಸ್ ಟ್ರ್ಯಾಕಿಗೆ ಗಾಡಿ ತೆಗೆದುಕೊಂಡು ಹೋಗಿ ಓಡಿಸಿದರೂ ಅಷ್ಟೇ, ಮನೆಯ ಪಾಲಿಸಿಯನ್ನು ನಂಬಿಕೊಳ್ಳುವ ಹಾಗಿಲ್ಲ. ನನಗೆ ಜಾಸ್ತಿ ಚಿಂತೆ ಆದದ್ದು ಮೂರನೆಯದ್ದರ ಬಗ್ಗೆ. ಸೆಕೆಂಡ್ ಹ್ಯಾಂಡ್ ಅಂಗಡಿಯ ಮುಂದೆ ಸಾಲಾಗಿ ನಿಲ್ಲಿಸಿರುವ ಗಾಡಿಗಳ ಪಾಲಿಸಿ ಇನ್ನೂ ಹಳೆಯ ಮಾಲೀಕರ ಹೆಸರಲ್ಲೇ ಇರುತ್ತದೆ. ಅಲ್ಲಿ ಟೆಸ್ಟ್ ರೈಡ್‌ಗೆ ಹೋಗಿ ಬಿದ್ದರೆ, ಇದು ವ್ಯಾಪಾರದ ಬಳಕೆ ಎಂದು ಕಂಪನಿ ಆ ಸಾಲನ್ನು ತೋರಿಸಬಹುದು ಎಂದರು ವಕೀಲರು. ಕೊಂಡ ಮೇಲೂ ಮುಗಿಯಲಿಲ್ಲ. ಓಡಿ ಇದ್ದರೆ 14 ದಿನದೊಳಗೆ ನಮ್ಮ ಹೆಸರಿಗೆ ಬದಲಾಯಿಸಿಕೊಳ್ಳಬೇಕು. ಹಳೆಯ ಮಾಲೀಕರ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದವರಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ನಮಗೆ ಬರುವುದಿಲ್ಲ, ಅದು ಅವರ ಜೊತೆಗೇ ಹೋಗುತ್ತದೆ. ನಾವು ಸೊನ್ನೆಯಿಂದ ಶುರು.

ಸಂಬಂಧಪಟ್ಟವರಲ್ಲಿ ನನ್ನ ಬೇಡಿಕೆ ದೊಡ್ಡದೇನಲ್ಲ. ಗಾಡಿ ನಂಬರ್ ಹಾಕಿದರೆ ಇನ್ಶೂರೆನ್ಸ್ ಎಂಬ ಕಡೆ ಒಂದು ತಾರೀಕಿನ ಬದಲು ಎರಡು ಕಾಣಿಸಲಿ. ಟಿಪಿ ಇಂಥ ದಿನದವರೆಗೆ, ಓಡಿ ಇಂಥ ದಿನದವರೆಗೆ, ಅಥವಾ ಓಡಿ ಇಲ್ಲ. ಶೋರೂಂನಲ್ಲಿ ಸಹಿ ಹಾಕಿಸುವ ಟೆಸ್ಟ್ ರೈಡ್ ಫಾರಂ ಕನ್ನಡದಲ್ಲಿರಲಿ, ಡೆಮೊ ಗಾಡಿಗೆ ಯಾವ ವಿಮೆ ಇದೆ, ಓಡಿಸುವವನಿಗೆ ಏನಾದರೂ ಇದೆಯಾ ಎಂದು ಅದರಲ್ಲೇ ಬರೆದಿರಲಿ. ವಿಮೆ ಕಂಪನಿಯವರು ಹಬ್ಬಕ್ಕೆ, ಹುಟ್ಟುಹಬ್ಬಕ್ಕೆ ಎಸ್ಎಂಎಸ್ ಕಳಿಸುತ್ತಾರಲ್ಲ, ಓಡಿ ಮುಗಿಯುವ ತಿಂಗಳು ಕನ್ನಡದಲ್ಲಿ ಒಂದು ಕಳಿಸಲಿ.

ಅಪ್ಪನ ಸ್ಕೂಟರಿಗೆ ಮೊನ್ನೆ ಓಡಿ ಮಾಡಿಸಿದೆ. ಮಧ್ಯೆ ಬಿಟ್ಟುಹೋಗಿದ್ದರಿಂದ ಗಾಡಿಯನ್ನು ನಾಲ್ಕೂ ಕಡೆಯಿಂದ ವಿಡಿಯೊ ಮಾಡಿ ಕಳಿಸಿ ಎಂದರು. ಅಪ್ಪ ಪಕ್ಕದಲ್ಲೇ ನಿಂತು, ಎಡಗಡೆಯ ಹಳೇ ಗೀರನ್ನು ತೋರಿಸಬೇಡ ಎಂದು ಕಣ್ಸನ್ನೆ ಮಾಡುತ್ತಿದ್ದರು. ತೋರಿಸಿಯೇ ಕಳಿಸಿದೆ.

ದಯವಿಟ್ಟು ಹೆಸರು ಹಾಕಬೇಡಿ. ಮನೆಗೆ ಬರುವುದು ನಿಮ್ಮ ಪತ್ರಿಕೆಯೇ. 8,000 ರೂಪಾಯಿ ಎಲ್ಲಿ ಹೋಯಿತು ಎಂದು ಅಮ್ಮನಿಗೆ ಇನ್ನೂ ಹೇಳಿಲ್ಲ.

ಇತಿ,
ಒಬ್ಬ ಓದುಗ, ಹೂಟಗಳ್ಳಿ, ಮೈಸೂರು